ಬಾಯಿಂದ ಬಾಯಿಗೆ

ವೃಷಭೇಂದ್ರನ ಬಿಳಿ ಕಾರು ಕೆಳಗಿನ ಬೀದಿಗೆ ಬಂದು ನಿಂತಾಗ ಸಣ್ಣಮ್ಮ ಒಲೆಯ ಮೇಲೆ ರಾಗಿಹಿಟ್ಟು ತೊಳಸುತ್ತಿದ್ದಳು. ಕೋಲನ್ನು ಪಾತ್ರೆಯಲ್ಲೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಆ ಕಾರು ತಮ್ಮ ಬೀದಿಯೊಳಗೆ ಬಂದದ್ದನ್ನು ಅವಳು ಕಂಡದ್ದೇ ಇಲ್ಲ. ಹೊಲಕ್ಕೆ ಆಳು ಬೇಕಾದರೆ ಮೇಲಿನ ರಸ್ತೆಯಲ್ಲೇ ನಿಲ್ಲಿಸಿ ಹಾರನ್ ಹೊಡೆಯುತ್ತಿದ್ದರು, ಇವರು ಓಡಿ ಹೋಗುತ್ತಿದ್ದರು.

"ಬುದ್ದೀ, ನೀವ್ಯಾಕ ಇಲ್ಲಿಗಂಟ ಬರಕೋದ್ರಿ? ಏಳಿ ಕಳ್ಸಿದ್ರ ನಾನೇ ಬತ್ತಿರ್ನಿಲ್ವಾ?"

"ನಿನ್ ತಾವ ಕೆಲ್ಸ ಇಲ್ಲ ಕಣ ಸಣ್ಣಮ್ಮ. ನಿನ್ ಮಗನ್ ತಾವ ಅದ. ಎಲ್ಲವ್ನ ಮಣಿ?"

ಮಣಿಕಂಠ ಮನೆಯ ಹಿಂದುಗಡೆಯಿಂದ ಬಂದ. ಅಂಡಮಾನಿನಲ್ಲಿ ಪ್ರವಾಸಿಗಳಿಗೆ ಸ್ಕೂಬಾ ಡೈವಿಂಗ್ ಕಲಿಸುವುದು ಅವನ ಕೆಲಸ. ಹದಿನೆಂಟಕ್ಕೇ ಮನೆ ಬಿಟ್ಟು ರಾಮೇಶ್ವರದಲ್ಲಿ ದೋಣಿ ತೊಳೆದು, ಹಡಗು ಹತ್ತಿ ಅಂಡಮಾನಿಗೆ ಹೋಗಿ, ಅಲ್ಲಿ ಸಿಲಿಂಡರಿಗೆ ಗಾಳಿ ತುಂಬುತ್ತ ತುಂಬುತ್ತ ಕಲಿತವನು. ಮುಂಗಾರಿನಲ್ಲಿ ಅಲ್ಲಿಯ ಕಡಲು ಕಲಕಿ ಹೋದಾಗ ಕೊಯಮತ್ತೂರಿಗೆ ಬಂದು ಈಜುಕೊಳದಲ್ಲಿ ತರಬೇತಿ ಕೊಡುತ್ತಾನೆ. ನಡುವೆ ಬಿಡುವು ಸಿಕ್ಕರೆ ದಿಂಬಂ ಘಾಟಿ ಹತ್ತಿ ತಾಯಿಯ ಹತ್ತಿರ ಬರುತ್ತಾನೆ. ಈ ಸಲವೂ ಹಾಗೇ ಬಂದಿದ್ದ. ಹಳೇ ಕಾರಿನ ಡಿಕ್ಕಿಯಲ್ಲಿ ಎರಡು ಸೆಟ್ ಡೈವಿಂಗ್ ಸಾಮಾನು ಹಾಗೇ ಇತ್ತು.

"ಬನ್ನಿ ಸರ್," ಎಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದ. 'ಬುದ್ದಿ' ಎನ್ನುವುದನ್ನು ಬಿಡಬೇಕೆಂದೇ ಅವನು 'ಸರ್' ಎನ್ನುವುದನ್ನು ಹಿಡಿದಿದ್ದ. ವೃಷಭೇಂದ್ರ ನಕ್ಕು ಕುಳಿತ. ಅವನ ಹೆಂಡತಿ ಮಂಗಳಗೌರಿಯೂ ಕಾರಿನಿಂದ ಇಳಿದು ಬಂದಳು. ಅವಳು ಕೊಳ್ಳೇಗಾಲದ ಕಡೆಯವಳು. ಮದುವೆಯಾಗಿ ಈ ಊರಿಗೆ ಬಂದವಳು.

"ಅಂಡಮಾನ್‌ಗ ಓಗಣ ಅಂತ ಕಣ್ಲಾ ಮಣಿ," ಎಂದ ವೃಷಭೇಂದ್ರ. "ನಾವಿಬ್ರು, ಆಮೇಲ ಚಾಮರಾಜನಗರದ್ ಫ್ರೆಂಡ್ಸು ಎರಡು ಜೋಡಿ. ದೀಪಾವಳಿ ಕಳ್ಕಂಡು. ಯಾರ್ಯಾರೋ ಓಗಿ ನೀರೊಳಗ ಮೀನ್ ಜೊತ್ಗ ಫೋಟೊ ಇಡಿಸ್ಕಂಡು ಬತ್ತಾವ್ರ. ನಮ್ಮೂರವ್ನೆ ಅಲ್ಲಿ ಮಾಸ್ಟ್ರು ಅಂತ ನಿನ್ನೆ ಡೈರಿ ತಾವ ಗೊತ್ತಾಯ್ತು. ಇನ್ನೇನ್ ಬೇಕು? ಎಲ್ಲಾ ಪ್ಲ್ಯಾನು ನೀನೇ ಆಕ್ಬುಡು."

ನಮ್ಮೂರವ್ನೆ. ಆ ಮಾತು ಮಣಿಕಂಠನಿಗೆ ಹಲ್ಲಿಗೆ ಸಿಕ್ಕ ಮರಳಿನಂತಾಯಿತು. ಆದರೂ ಅವನು ಕೆಲಸದ ದನಿಯಲ್ಲೇ ವಿವರಿಸಿದ. ವಿಮಾನ ಇಳಿದ ಮೇಲೆ ಡೈವಿಂಗ್ ನಡೆಯುವ ದ್ವೀಪಕ್ಕೆ ಹಡಗು. ಮೊದಲ ದಿನ ಸುಧಾರಿಸಿಕೊಳ್ಳುವುದು. ಮಾರನೆಯ ದಿನ ದಡದ ಡೈವ್: ಬೆನ್ನಿಗೆ ಸಿಲಿಂಡರ್ ಹೊತ್ತು ಮರಳ ಮೇಲಿಂದ ನಡೆದುಕೊಂಡೇ ನೀರಿಗಿಳಿಯುವುದು, ಸೊಂಟದ ಮಟ್ಟ, ಎದೆ ಮಟ್ಟ, ಆಮೇಲೆ ಮುಳುಗುವುದು. ಹೆದರಿಕೆಯಾದರೆ ಎದ್ದು ನಿಂತರೆ ಸಾಕು. ಅದು ಚೆನ್ನಾಗಿ ಆದವರಿಗೆ ಮಾತ್ರ ದೋಣಿಯ ಡೈವ್. ದೋಣಿ ಬಹಳ ದೂರ ಹೋಗುತ್ತದೆ, ಅಂಚಿನಲ್ಲಿ ಕೂತು ಬೆನ್ನು ಹಿಂದಾಗಿ ಬೀಳಬೇಕು.

"ದಡದ್ದು ಅವ್ರಿಗೆಲ್ಲ ಇಡು. ನಂಗ ಸೀದಾ ಬೋಟಿಂದೇ ಆಕು," ಎಂದ ವೃಷಭೇಂದ್ರ. "ನಾನೇನ್ ಟೌನ್ ಐದನಾ? ಬಾವಿಲಿ ಈಜು ಕಲ್ತವ್ನು ಕಣ್ಲಾ."

ಮಂಗಳಗೌರಿ ಕೇಳಿದಳು, "ಬೋಟಿಂದ ಬಿದ್ಮೇಲೆ ಕೆಳಗೆ ಎದ್ರಿಕೆ ಆದ್ರೆ ಏನ್ ಮಾಡದು? ಅಲ್ಲಿ ಕಾಲಿಗ್ ನೆಲ ಸಿಗಲ್ವಲ್ಲ?"

"ಪಕ್ಕದಲ್ಲಿ ಇರೋನೇ ಗತಿ ಮೇಡಂ."

"ಪಕ್ಕದಲ್ಲಿ ಯಾರಿರ್ತಾರೆ?"

"ಅವರ ಪಕ್ಕದಲ್ಲಿ ನಾನೇ ಇರ್ತೀನಿ."

ಸಣ್ಣಮ್ಮ ಅಂಗಡಿಯಿಂದ ತರಿಸಿದ ಸೋಡಾ ಬಾಟಲಿಗಳನ್ನು ಮುಚ್ಚಳ ತೆಗೆಯದೆ ತಂದು ಇಟ್ಟಳು. ತಮ್ಮ ಲೋಟದಲ್ಲಿ ಕೊಡುವುದು ಹೇಗೆಂದು ಅವಳು ಆಗಲೇ ಯೋಚಿಸಿಬಿಟ್ಟಿದ್ದಳು. ವೃಷಭೇಂದ್ರ ಬಾಟಲಿಯನ್ನು ಮುಟ್ಟದೆ ಎದ್ದ. ಮಂಗಳಗೌರಿ ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಕಾರು ಹತ್ತಿದಳು.

*

ಬಾವಿಲಿ ಈಜು ಕಲ್ತವ್ನು ಎಂದು ವೃಷಭೇಂದ್ರ ಎಷ್ಟು ಸಲೀಸಾಗಿ ಹೇಳಿಬಿಟ್ಟ! ಮಣಿಕಂಠ ಈಜು ಕಲಿತದ್ದೂ ಅದೇ ಬಾವಿಯಲ್ಲಿ. ಕಲಿಸಿದವನು ಇದೇ ವೃಷಭೇಂದ್ರ.

ಆಗ ಮಣಿಕಂಠನಿಗೆ ಹನ್ನೆರಡು, ವೃಷಭೇಂದ್ರನಿಗೆ ಹದಿನಾರು. ಅವನ ಅಪ್ಪ ಮಾದೇವ ಆ ಮನೆಯ ಹೊಲದಲ್ಲಿ ಆಳು. ಬೇಸಿಗೆ ರಜೆಯಲ್ಲಿ ಮಣಿಕಂಠ ಅಪ್ಪನಿಗೆ ಬುತ್ತಿ ಕೊಂಡುಹೋಗುತ್ತಿದ್ದ. ಬಾವಿಯಲ್ಲಿ ಒಬ್ಬನೇ ಈಜಾಡಿ ಬೇಸತ್ತಿದ್ದ ವೃಷಭೇಂದ್ರ ಅವನನ್ನು ಕೂಗಿ ಕರೆದ. "ಬಾರ್ಲಾ ಮಣಿ, ಬೀಳು. ನಮ್ಮಪ್ಪ ಸಂತಗ ಓಗವ್ನ, ಬೈಗಾಗ್ತದ ಬರದು." ಮಣಿಕಂಠ ಹಿಂದೆ ಸರಿದ. ವೃಷಭೇಂದ್ರ ಬಾಳೆದಿಂಡು ಕಡಿದು ನೀರಿಗೆ ಎಸೆದು, ಅದನ್ನು ತಬ್ಬಿಕೊಂಡು ಕಾಲು ಬಡಿಯಲು ಹೇಳಿದ. ಆಮೇಲೆ ದಿಂಡನ್ನು ಕಿತ್ತುಕೊಂಡು ತನ್ನ ಕೈಯನ್ನೇ ಅವನ ಹೊಟ್ಟೆಯ ಕೆಳಗೆ ಕೊಟ್ಟ. ವೃಷಭೇಂದ್ರನ ಅಪ್ಪ ಚಿಕ್ಕಬಸಪ್ಪನವರು ಊರಲ್ಲಿ ಇಲ್ಲದ ದಿನಗಳಲ್ಲೆಲ್ಲ ಇದು ನಡೆಯಿತು. ಆ ಬೇಸಿಗೆಯಲ್ಲಿ ಮಣಿಕಂಠನಿಗೆ ವೃಷಭೇಂದ್ರನಿಗಿಂತ ದೊಡ್ಡವರು ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಚಿಕ್ಕಬಸಪ್ಪನವರು ಬೇಗ ಬಂದುಬಿಟ್ಟರು. ಇಬ್ಬರೂ ನೀರಲ್ಲಿದ್ದರು. ವೃಷಭೇಂದ್ರ ಅಪ್ಪನ ಮುಖ ನೋಡಿ ಮೆಟ್ಟಿಲು ಹತ್ತಿ, "ನಾನ್ ಬ್ಯಾಡ ಅಂದ್ರೂ ಬಿದ್ಬುಟ್ಟ ಕಣಪ್ಪ," ಎಂದ.

ಅವತ್ತು ಮೋಟರ್ ಹಾಕಿದರು. ರಾತ್ರಿಯೆಲ್ಲ ಓಡಿತು, ಮಾರನೆಯ ದಿನವೂ ಓಡಿತು. ಬಾವಿಯ ನೀರೆಲ್ಲ ಬೀಳು ಹೊಲಕ್ಕೆ ಹರಿದು ಇಂಗಿತು. ತಳ ಕಂಡ ಮೇಲೆ ಮಾದೇವನನ್ನು ಇಳಿಸಿ ಒಂದೊಂದು ಮೆಟ್ಟಿಲನ್ನೂ ಸಗಣಿ ನೀರಿನಲ್ಲಿ ಉಜ್ಜಿಸಿದರು. ವೃಷಭೇಂದ್ರ ಮೋಟರ್ ರೂಮಿನ ಕಟ್ಟೆಯ ಮೇಲೆ ಕೂತು ಕಬ್ಬು ಸಿಗಿಯುತ್ತ ನೋಡುತ್ತಿದ್ದ. ಮನೆಗೆ ಬಂದ ಮಾದೇವ, ಎಂದೂ ಕೈ ಎತ್ತದವನು, ಮಗನನ್ನು ಎತ್ತಿನ ಹಗ್ಗದಲ್ಲಿ ಬಡಿದ. ಯಾಕೆ ಬಿದ್ದೆ ಎಂದು ಮಾತ್ರ ಕೇಳಲಿಲ್ಲ. ಕೇಳಿದ್ದರೆ, ಅವರೇ ಕರೆದದ್ದು ಎಂದು ಹೇಳಬೇಕೆಂದು ಮಣಿಕಂಠ ಕಾದಿದ್ದ. ಈಗ ಮಾದೇವ ಇಲ್ಲ; ಆ ಮಾತು ಹೇಳದೆಯೇ ಉಳಿಯಿತು.

*

ಮಾರನೆಯ ದಿನ ಮಣಿಕಂಠನೇ ಹೊಲಕ್ಕೆ ಹೋಗಿ ವೃಷಭೇಂದ್ರನನ್ನು ಕಂಡ. ಅರಿಸಿನದ ಸಾಲುಗಳ ಮಧ್ಯೆ ಆಳುಗಳು ಕಳೆ ಕೀಳುತ್ತಿದ್ದರು. ಆಚೆ ಬಾವಿ ತುಂಬಿ ನಿಂತಿತ್ತು. ಬೋರ್‌ವೆಲ್ ಬಂದ ಮೇಲೆ ಅದರ ನೀರನ್ನು ಅಷ್ಟಾಗಿ ಎತ್ತುತ್ತಿರಲಿಲ್ಲ.

"ಪ್ಲ್ಯಾನ್ ಆಗದ ಸರ್. ನಿಮಗ ಸೀದಾ ದೋಣಿ ಡೈವೇ ಇಟ್ಟಿವ್ನಿ. ಆದ್ರ ಒಂದ್ ಮಾತು. ದಡದ್ದು ಮಾಡ್ದೆ ದೋಣಿಗ ಬರೋರು ಮೊದ್ಲು ನಿಂತ ನೀರಲ್ಲಿ ಕಲ್ತಿರ್ಬೇಕು. ಕೊಯಮತ್ತೂರಿಗ ಬನ್ನಿ, ಈಜುಕೊಳದಲ್ಲಿ ಏಳ್ಕೊಡ್ತೀನಿ."

"ಅಲ್ಲಿಗಂಟ ಯಾರ್ಲಾ ಓಗದು!"

"ಅಂಗಾರ ನಿಮ್ ಬಾವಿ ಅದಲ್ಲ. ಸಾಮಾನು ನನ್ ಕಾರಲ್ಲೇ ಅದ."

ವೃಷಭೇಂದ್ರ ಬಾವಿಯ ಕಡೆ ನೋಡಿದ. ಮಣಿಕಂಠ ಅವನ ಮುಖವನ್ನೇ ದಿಟ್ಟಿಸಿದ. ಅಲ್ಲಿ ಏನು ಸರಿದು ಹೋಯಿತೋ ಗೊತ್ತಾಗಲಿಲ್ಲ.

"ನಾಳೇನೇ ಆಗ್ಲಿ," ಎಂದ ವೃಷಭೇಂದ್ರ. "ಮಂಗಳ ಒಂದ್ ವಿಡಿಯೊ ಮಾಡ್ಲಿ. ಚಾಮರಾಜನಗರದವ್ರಿಗ ಕಳ್ಸದ. ನೋಡಿ ಒಟ್ಟೆ ಉರ್ಕಳ್ಳಿ."

ಅಲ್ಲಿಂದ ಮಣಿಕಂಠ ನೇರ ಹಾಲಿನ ಡೈರಿಗೆ ಹೋದ. ಚಿಕ್ಕಬಸಪ್ಪನವರು ಬೆಳಗಿನ ಹೊತ್ತು ಅಲ್ಲೇ ಜಗಲಿಯ ಮೇಲೆ ಕೂರುತ್ತಾರೆ. ಹಣೆಯ ತುಂಬ ವಿಭೂತಿ, ತೊಡೆಯ ಮೇಲೆ ಊರುಗೋಲು.

"ನಾಳೆ ನಿಮ್ ಮಗ ಬಾವಿ ತಳಕ್ಕ ಓಗಿ ಉಸ್ರಾಡ್ತಾರೆ. ನೀವು ಬಂದು ನೋಡ್ಬೇಕು," ಎಂದ.

ಮುದುಕ ಕಣ್ಣು ಕಿರಿದು ಮಾಡಿ ನೋಡಿದರು. "ಯಾರ್ ಮಗನ್ಲಾ ನೀನು?"

"ಮಾದೇವನ್ ಮಗ."

"ಓ... ಸಮುದ್ರದಲ್ಲಿ ಇರೋನ? ಬತ್ತೀನಿ, ಬತ್ತೀನಿ."

ಸಣ್ಣಮ್ಮನಿಗೆ ಇದೆಲ್ಲ ಸರಿಬರಲಿಲ್ಲ. ಮಾರನೆಯ ಬೆಳಿಗ್ಗೆ ಮಗ ಸಾಮಾನುಗಳನ್ನು ಹೊರಗೆ ಹರಡಿಕೊಂಡು ಕೂತಾಗ ಬಾಗಿಲಲ್ಲಿ ನಿಂತು ನೋಡಿದಳು. ಒಂದೊಂದು ಸೆಟ್ಟಿಗೂ ಗಾಳಿ ಎಳೆಯುವ ರಬ್ಬರ್ ಕೊಳವೆ ಎರಡು, ತುದಿಯಲ್ಲಿ ಬಾಯಿಂದ ಕಚ್ಚಿ ಹಿಡಿಯುವ ಮೌತ್‌ಪೀಸ್. ಒಂದು ಕಪ್ಪು, ತನ್ನ ಬಾಯಿಗೆ. ಇನ್ನೊಂದು ಹಳದಿ, ಪಕ್ಕದವನ ಗಾಳಿ ನಿಂತರೆ ಅವನಿಗೆ ಕೊಡುವುದಕ್ಕೆ. ಮಣಿಕಂಠ ಸ್ಪಾನರ್ ತೆಗೆದುಕೊಂಡು ತನ್ನ ಸೆಟ್ಟಿನ ಹಳದಿ ಕೊಳವೆಯನ್ನು ಬಿಚ್ಚಿದ, ಆ ತೂತಿಗೆ ಬಿರಡೆ ತಿರುಗಿಸಿ ಬಿಗಿ ಮಾಡಿದ.

"ಅದ್ಯಾಕ ಬಿಚ್ಚಿದಯ್ಯ?"

"ಬ್ಯಾಡ ಅದು ಇವತ್ತು."

ಅವಳು ಬಾಗಿಲಿಂದ ಇಳಿದು ಬಂದು, "ನಾನಿನ್ನೂ ಆ ಒಲ್ದಲ್ಲೇ ದುಡೀಬೇಕು ಮಗ," ಎಂದಳು.

"ಗೊತ್ತವ್ವ."

"ಗೊತ್ತಿದ್ರೂ ಓಯ್ತಿಯ?"

ಅವನು ಹಳದಿ ಕೊಳವೆಯನ್ನು ಡಿಕ್ಕಿಯ ಮೂಲೆಗೆ ತಳ್ಳಿ ಮುಚ್ಚಿದ.

*

ಬಾವಿಯ ಹತ್ತಿರ ಜನ ಸೇರಿದ್ದರು. ಅರಿಸಿನದ ಹೊಲದ ಹೆಂಗಸರು ಕಳೆಗುದ್ದಲಿ ಬಿಟ್ಟು ಬಂದಿದ್ದರು. ಹೊಂಗೆಯ ನೆರಳಲ್ಲಿ ಚಿಕ್ಕಬಸಪ್ಪನವರಿಗೆ ಕುರ್ಚಿ ಹಾಕಿತ್ತು. ಮಂಗಳಗೌರಿ ಮೊಬೈಲ್ ಹಿಡಿದು ಬಾವಿಯ ಕಟ್ಟೆಯ ಮೇಲೆ ನಿಂತಿದ್ದಳು. ಮುಂಗಾರು ಚೆನ್ನಾಗಿ ಬಿದ್ದಿತ್ತು. ನೀರು ತಿಳಿಯಾಗಿ, ಮುಳುಗಿದ ಮೆಟ್ಟಿಲುಗಳೆಲ್ಲ ಮೇಲಿಂದ ಕಾಣುತ್ತಿದ್ದವು.

ಮಣಿಕಂಠ ಬರಿಗಾಲಲ್ಲಿ ಮೊದಲ ಮೆಟ್ಟಿಲಿಗೆ ಇಳಿದ. ಯಾರೂ ಏನೂ ಅನ್ನಲಿಲ್ಲ. ಎರಡನೆಯದಕ್ಕೆ ಇಳಿದ. ಅಪ್ಪ ಉಜ್ಜಿದ ಕಲ್ಲುಗಳು ಅಂಗಾಲಿಗೆ ತಣ್ಣಗೆ ತಾಗಿದವು. ಮುದುಕನ ಕಡೆ ತಿರುಗಿ ನೋಡಿದ. ಅವರು ಮಗನನ್ನೇ ನೋಡಿ ನಗುತ್ತಿದ್ದರು.

ವೃಷಭೇಂದ್ರನಿಗೆ ಜಾಕೆಟ್ ತೊಡಿಸಿ, ಸಿಲಿಂಡರ್ ಬಿಗಿದು, ಸೊಂಟದ ನೀರಿನಲ್ಲಿ ನಿಲ್ಲಿಸಿ ಹೇಳಿಕೊಟ್ಟ. ಬಾಯಿಂದ ಮಾತ್ರ ಉಸಿರು. ಕಿವಿ ಒತ್ತಿದರೆ ಮೂಗು ಹಿಡಿದು ಊದಬೇಕು. ಉಸಿರು ಕಟ್ಟಿ ಹಿಡಿದುಕೊಂಡು ಮೇಲಕ್ಕೆ ಚಿಮ್ಮಬಾರದು, ಪುಪ್ಪುಸ ಹರಿಯುತ್ತದೆ. ವೃಷಭೇಂದ್ರ ಬೇಗ ಹಿಡಿದ. ಒಂದೆರಡು ಸಲ ತಲೆ ಮುಳುಗಿಸಿ, ಉಸಿರಾಡಿ, ಹೆಬ್ಬೆರಳೆತ್ತಿ ಹೆಂಡತಿಗೆ ತೋರಿಸಿದ. ಹೆಂಗಸರು ನಕ್ಕರು.

"ಇನ್ನೊಂದು ಪಾಠ ಅದ," ಎಂದ ಮಣಿಕಂಠ, ಎಲ್ಲರಿಗೂ ಕೇಳುವಂತೆ. "ಕೆಳಗಡ ನಾನೇ ನಿಮ್ ಗಾಳಿ ನಿಲ್ಲುಸ್ತೀನಿ. ಎಲ್ರಿಗೂ ಮಾಡುಸ್ತೀವಿ ಇದ. ಗಾಳಿ ನಿಂತ ಕೂಡ್ಲೆ ಕತ್ತ ಮುಂದ ಕೈ ಇಂಗ ಆಡ್ಸಿ. ನಾನು ನನ್ ಗಾಳಿ ಕೊಡ್ತೀನಿ. ಎರಡು ಉಸ್ರು ನಿಮಗ, ಎರಡು ಉಸ್ರು ನಂಗ. ಅಂಗೇ ಕೊಟ್ಕಂಡು ತಕ್ಕಂಡು ಮೇಲಕ್ ಬರದು."

"ಯಾವ್ದ್ರಲ್ಲಿ ಕೊಡ್ತೀಯ?"

"ಇದ್ರಲ್ಲೇ." ಮಣಿಕಂಠ ತನ್ನ ಕಪ್ಪು ಮೌತ್‌ಪೀಸನ್ನು ಒಮ್ಮೆ ಬಾಯಿಗಿಟ್ಟು ತೆಗೆದು ತೋರಿಸಿದ. ಎಂಜಲಿನ ಎಳೆ ಬಿಸಿಲಿಗೆ ಹೊಳೆಯಿತು.

ವೃಷಭೇಂದ್ರ ತನ್ನ ಎದೆಯ ಮೇಲೆ ನೇತಾಡುತ್ತಿದ್ದ ಹಳದಿಯನ್ನು ಮುಟ್ಟಿ ನೋಡಿಕೊಂಡ. ದನಿ ತಗ್ಗಿಸಿ, "ನಿಂದ್ರಲ್ಲಿ ಇದಿಲ್ವಾ?" ಎಂದ.

"ಇಲ್ಲ ಸರ್."

ವೃಷಭೇಂದ್ರ ಕಟ್ಟೆಯ ಮೇಲಿದ್ದ ಜನರನ್ನು ನೋಡಿದ. ಹೆಂಡತಿಯ ಮೊಬೈಲ್ ಅವನ ಮುಖಕ್ಕೇ ತಿರುಗಿತ್ತು. "ಇದೊಂದ್ ಬುಟ್ಬುಡಣ" ಎನ್ನಲು ಬಾಯಿ ತೆರೆದಂತೆ ಕಂಡಿತು. ಆದರೆ ಸೀದಾ ಬೋಟಿಂದೇ ಹಾಕು ಎಂದವನು ಅವನೇ. "ನಡಿ, ನಡಿ," ಎಂದು ಡೈವಿಂಗ್ ಕನ್ನಡಕವನ್ನು ಕಣ್ಣಿಗಿಳಿಸಿಕೊಂಡ.

ಇಬ್ಬರೂ ಮುಳುಗಿದರು.

ಕೆಳಗೆ ಹಸಿರು ಬೆಳಕು, ಗುಳ್ಳೆಗಳ ಸದ್ದು. ತಳದ ಹತ್ತಿರದ ಅಗಲ ಕಲ್ಲಿನ ಮೇಲೆ ಎದುರುಬದುರಾಗಿ ಮಂಡಿಯೂರಿ ಕೂತರು. ವೃಷಭೇಂದ್ರನ ಉಸಿರು ನಿಧಾನಕ್ಕೆ ಬಂತು. ಮೀನೊಂದು ಅವನ ಕೈಯ ಹತ್ತಿರ ಸುಳಿಯಿತು. ಅವನ ಕಣ್ಣುಗಳು ಅರಳಿದವು. ಆ ಹೊತ್ತಿಗೆ ಅವನು ಹದಿನಾರರ ಹುಡುಗನಂತೆಯೇ ಇದ್ದ. ಅದನ್ನು ಕಂಡಾಗಲೇ ಮಣಿಕಂಠನ ಸಿಟ್ಟು ಪೂರ್ತಿ ಏರಿದ್ದು. ಅವನು ಮುಂದಕ್ಕೆ ಸರಿದು ವೃಷಭೇಂದ್ರನ ಭುಜದ ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯನ್ನು ಬೆನ್ನ ಹಿಂದೆ ಚಾಚಿ ಸಿಲಿಂಡರಿನ ತಿರುಪು ಮುಚ್ಚಿದ.

ಒಂದು ಉಸಿರು ಬಿಗಿಯಾಗಿ ಬಂತು. ಆಮೇಲೆ ಬರಲಿಲ್ಲ. ವೃಷಭೇಂದ್ರ ಕತ್ತಿನ ಮುಂದೆ ಕೈ ಆಡಿಸಿದ.

ಬೇರೆ ಯಾರೇ ಆಗಿದ್ದರೂ ಆ ಸನ್ನೆ ಮುಗಿಯುವ ಮುನ್ನ ಮಣಿಕಂಠನ ಗಾಳಿ ಅವರ ಬಾಯಲ್ಲಿರುತ್ತಿತ್ತು. ಈಗ ಅವನ ಕೈ ಏಳಲಿಲ್ಲ. ಎದುರಿನ ಗಾಜಿನ ಹಿಂದೆ ಕಣ್ಣುಗಳು ದೊಡ್ಡದಾಗುವುದನ್ನು ನೋಡಿದ. ಮತ್ತೆ ಸನ್ನೆ. ಕೈ ಏಳಲಿಲ್ಲ. ನಾನ್ ಬ್ಯಾಡ ಅಂದ್ರೂ ಬಿದ್ಬುಟ್ಟ ಕಣಪ್ಪ. ವೃಷಭೇಂದ್ರ ಮೇಲಕ್ಕೆ ಏಳಲು ಒದ್ದ. ಭುಜದ ಪಟ್ಟಿಯ ಹಿಡಿತ ಬಿಡಲಿಲ್ಲ. ಆಗ ಮಣಿಕಂಠ ತನ್ನ ಮೌತ್‌ಪೀಸನ್ನು ಬಾಯಿಂದ ತೆಗೆದು ಅವನ ಮುಂದೆ ಹಿಡಿದ, ಅವನೇ ಬಂದು ತೆಗೆದುಕೊಳ್ಳಬೇಕಾದಷ್ಟು ದೂರದಲ್ಲಿ.

ವೃಷಭೇಂದ್ರ ಎರಡೂ ಕೈಯಲ್ಲಿ ಬಾಚಿ ಬಾಯಿಗೆ ತುರುಕಿಕೊಂಡ. ಕಚ್ಚಿ ಹಿಡಿದು ಎಳೆದ, ಎಳೆದ. ಎರಡು ಉಸಿರಾಯಿತು. ಹಿಂದಕ್ಕೆ ಕೊಡಲಿಲ್ಲ. ಮಣಿಕಂಠನಿಗೆ ಉಸಿರು ಹಿಡಿಯುವುದು ಹೊಸದಲ್ಲ, ಸುಮ್ಮನೆ ಕಾದ. ಆಮೇಲೆ ಕೊಳವೆಯನ್ನು ಜಗ್ಗಿ ತಾನು ತೆಗೆದುಕೊಂಡ, ಎರಡು ಉಸಿರು ಎಳೆದು ಮತ್ತೆ ಕೊಟ್ಟ. ಹಾಗೆ ಕೊಡುತ್ತ, ಪಡೆಯುತ್ತ, ಒಂದೊಂದು ಮೆಟ್ಟಿಲಿನ ಪಕ್ಕದಲ್ಲೂ ನಿಂತು, ಬೇಕೆಂದೇ ನಿಧಾನವಾಗಿ ಅವನನ್ನು ಮೇಲಕ್ಕೆ ತಂದ. ತಿಳಿನೀರಿನಲ್ಲಿ ಅದೆಲ್ಲ ಕಟ್ಟೆಯ ಮೇಲಿದ್ದವರಿಗೆ ಕಾಣುತ್ತಿತ್ತು.

ತಲೆ ಮೇಲೆ ಬಂದಾಗ ವೃಷಭೇಂದ್ರನ ಮೂಗು ಬಾಯಲ್ಲೆಲ್ಲ ಸಿಂಬಳ, ನೀರು. ಮೆಟ್ಟಿಲನ್ನು ತಬ್ಬಿಕೊಂಡು ಕೆಮ್ಮಿದ.

ಚಿಕ್ಕಬಸಪ್ಪನವರು ಕುರ್ಚಿಯಿಂದ ಎದ್ದು ಕಟ್ಟೆಗೆ ಬಂದಿದ್ದರು. "ಏನ್ಲಾ ವೃಷಭ, ಅವುನ್ ಬಾಯಿಂದು ತಕ್ಕಂಡು ನಿನ್ ಬಾಯ್ಗ ಮಡಿಕಂಡ?"

"ನಾನು ಉಸ್ರಿಲ್ದೆ ಸಾಯ್ತಿದ್ದಿ ಕಣಪ್ಪ!"

ಮಣಿಕಂಠ ಕನ್ನಡಕವನ್ನು ಹಣೆಗೇರಿಸಿ ಸೊಂಟದ ನೀರಿನಲ್ಲಿ ಎದ್ದು ನಿಂತ. ಇಷ್ಟು ದಿನದಲ್ಲಿ ಮೊದಲ ಸಲ ಅವನು ಆ ಹಳೆಯ ಮಾತನ್ನು ಆಡಿದ.

"ಬುದ್ದೀ, ಮೋಟ್ರು ಆಕುಸ್ಬೇಕಾ? ಆ ಸಲ ನಾನು ಬಿದ್ದದ್ಕ ಬಾವಿನೇ ಬರಿದು ಮಾಡುಸುದ್ರಿ. ನಮ್ಮಪ್ಪನ್ ಕೈಲಿ ಸಗಣಿ ಆಕ್ಸಿ ಮೆಟ್ಲು ಉಜ್ಜುಸುದ್ರಿ. ಈಗ ನಿಮ್ ಮಗನ್ ಬಾಯ ಯಾತ್ರಲ್ಲಿ ಉಜ್ಜುಸ್ತೀರಿ?"

ಅರಿಸಿನದ ಹೊಲದ ವೆಂಕಟಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಮಾತ್ರ ಕುಲುಕುತ್ತಿತ್ತು.

"ಯಾವ್ ಕಾಲದ್ದೋ ಐಕ್ಳಾಟಕ್ಕ ಇಷ್ಟು ವರ್ಸ ಸಿಟ್ಟ ಮಡಿಕಂಡಿದ್ದಯ್ಯಾ ನೀನು?" ಮುದುಕ ಊರುಗೋಲನ್ನು ಕಟ್ಟೆಗೆ ಕುಟ್ಟಿದರು.

"ಐಕ್ಳಾಟಕ್ಕ ಬಾವಿ ಬತ್ಸಿದ್ದು ನೀವು. ಅವತ್ತು ನನ್ನ ಕರ್ದು ನೀರ್ಗ ಬೀಳ್ಸಿ, ಈಜು ಏಳ್ಕೊಟ್ಟವ್ರು ಯಾರು ಅಂತ ಇಲ್ಲೇ ಅವ್ರಲ್ಲ, ಕೇಳಿ."

ಮಂಗಳಗೌರಿ ಮೊಬೈಲನ್ನು ಯಾವಾಗಲೋ ಇಳಿಸಿದ್ದಳು. ಗಂಡನಿಗೆ ಟವೆಲ್ ಚಾಚಿದವಳು ಅದನ್ನು ಅರ್ಧಕ್ಕೇ ಹಿಡಿದು ಕೇಳಿದಳು, "ನೀವೇ ಕರ್ದಿದ್ರಾ?"

ವೃಷಭೇಂದ್ರ ಟವೆಲಿಗಾಗಿ ಕೈ ಚಾಚಿಕೊಂಡೇ ನಿಂತ. ಮುಖದಿಂದ ನೀರು ಇಳಿಯುತ್ತಿತ್ತು.

"ಕೇಳ್ತಾ ಇರದು. ನೀವೇ ಕರ್ದು, ಆಮೇಲೆ ಇಲ್ಲ ಅಂದ್ರಾ?"

ಅವನು ತಲೆ ಬಗ್ಗಿಸಿ ಜಾಕೆಟ್ಟಿನ ಪಟ್ಟಿ ಬಿಚ್ಚತೊಡಗಿದ. ಚಿಕ್ಕಬಸಪ್ಪನವರು ಒಮ್ಮೆ ಮಗನನ್ನು, ಒಮ್ಮೆ ಸುತ್ತಲಿದ್ದ ಆಳುಗಳನ್ನು ನೋಡಿ, ಕೋಲೂರಿಕೊಂಡು ಮನೆಯ ದಾರಿ ಹಿಡಿದರು. ಯಾರೂ ಹಿಂದೆ ಹೋಗಲಿಲ್ಲ.

*

ಸಾಮಾನುಗಳನ್ನು ಕಾರಿಗೆ ತುಂಬುವಾಗ ವೃಷಭೇಂದ್ರ ಬಂದ. ಅಂಗಿ ಹಾಕಿಕೊಂಡಿದ್ದ, ತಲೆ ಇನ್ನೂ ಒದ್ದೆ.

"ಗೆಪ್ತಿ ಇತ್ತು ಕಣ ನಂಗ," ಎಂದ. "ನಿಮ್ ಬೀದಿಗ ಕಾರ್ ತಿರುಗ್ಸುವಾಗ್ಲೇ ಇತ್ತು. ನೀನು ಮರ್ತಿರ್ತೀಯ ಅನ್ಕಂಡಿದ್ದಿ."

ಮಣಿಕಂಠ ಸಿಲಿಂಡರನ್ನು ಅಡ್ಡ ಮಲಗಿಸಿ ಹಗ್ಗ ಬಿಗಿದ.

"ನಂಗ ಆಗ ಅದಿನಾರು. ಅಪ್ಪನ್ ಕಂಡ್ರ ಉಚ್ಚ ಉಯ್ಕತಿದ್ದಿ. ಏನ್ ಏಳ್ಬೇಕಾಗಿತ್ತು ಏಳು?"

"ನಂಗ ಅನ್ನೆರಡು," ಎಂದ ಮಣಿಕಂಠ.

ವೃಷಭೇಂದ್ರ ಒದ್ದೆ ತಲೆಯನ್ನು ಅಂಗೈಯಿಂದ ಒರೆಸಿಕೊಂಡ. ಆಮೇಲೆ, "ಟ್ರಿಪ್ಪು?" ಎಂದ. ಕೇಳಿದ ಮೇಲೆ ತನಗೇ ನಾಚಿಕೆಯಾದವನಂತೆ ಮುಖ ಆಚೆ ತಿರುಗಿಸಿದ.

"ಬೇರೆ ಯಾರ್ನಾರ ನೋಡ್ಕ."

'ನೋಡ್ಕಳಿ' ಎನ್ನಲಿಲ್ಲ. ವೃಷಭೇಂದ್ರ ಅದನ್ನು ಗಮನಿಸಿದ. ತಿದ್ದಲಿಲ್ಲ.

"ಕೆಳಗಡ ನನ್ ಕೈ ತಡ ಮಾಡ್ತು," ಎಂದ ಮಣಿಕಂಠ. "ಗೊತ್ತಾಯ್ತಾ ನಿಂಗ?"

"ಗೊತ್ತಾಯ್ತು."

"ಕಡಲಲ್ಲಿ ಇನ್ನೂ ತಡ ಮಾಡ್ಬೋದು. ನಿನ್ ಜೊತ್ಗ ನಾನು ನೀರ್ಗ ಇಳಿಯಲ್ಲ."

ಡಿಕ್ಕಿ ಮುಚ್ಚಿ ಕಾರು ಹತ್ತಿದ. ಹೊಲದ ಬದುವಿನ ದಾರಿ ದಾಟಿ ಡಾಂಬರು ರಸ್ತೆಗೆ ಬಂದ. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಇಷ್ಟು ವರ್ಷದಲ್ಲಿ ಸಾವಿರಾರು ಜನ ಅವನ ಮುಂದೆ ಆ ಸನ್ನೆ ಮಾಡಿದ್ದರು. ಒಬ್ಬರಿಗೂ ಆ ಕೈ ತಡ ಮಾಡಿದ್ದಿಲ್ಲ. ಅದೇ ಅವನ ಹೆಮ್ಮೆ. ಇವತ್ತು ಅದನ್ನು ಬಾವಿಯ ತಳದಲ್ಲಿ ಬಿಟ್ಟು ಬಂದಿದ್ದ. ಪಶ್ಚಾತ್ತಾಪವೇನೋ ಆಗುತ್ತದೆಂದು ಕಾದ. ಆಗಲಿಲ್ಲ. ಎರಡೂ ಕೈಯಲ್ಲಿ ಬಾಚಿಕೊಂಡ ವೃಷಭೇಂದ್ರನ ಮುಖ ಕಣ್ಣ ಮುಂದೆ ಬಂದಾಗಲೆಲ್ಲ ಒಳಗೆ ಒಂದು ಬಿಸಿ ಸಂತೋಷ ಏಳುತ್ತಿತ್ತು. ಅವನಿಗೆ ಅದರ ಬಗ್ಗೆಯೇ ಸ್ವಲ್ಪ ಭಯವಾಯಿತು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಸಣ್ಣಮ್ಮ ಬಾಗಿಲಲ್ಲೇ ಕೂತಿದ್ದಳು.

"ವೆಂಕಟಮ್ಮ ಏಳುದ್ದು ನಿಜ್ವಾ?"

"ಏನ್ ಏಳುದ್ಲು?"

"ನಿನ್ ಬಾಯ್ಲಿ ಇದ್ದುದ್ದ ಕಿತ್ಕಂಡು ಅವುನ್ ಬಾಯ್ಗ ಮಡಿಕಂಡ್ನಂತ."

"ಊಂ."

"ಒಂದ್ಸಲನಾ?"

"ಮೇಲ್ ಬರೋಗಂಟ."

ಅವಳು ಅವನನ್ನು ಕೂರಿಸಿ ಮೊದಲಿಂದ ಹೇಳಿಸಿದಳು. ಗಾಳಿ ನಿಂತಾಗ ಕಣ್ಣು ಹೇಗೆ ಮಾಡಿದ, ಕೈ ಹೇಗೆ ಆಡಿಸಿದ, ಮುದುಕ ಏನಂದ, ಸೊಸೆ ಏನಂದಳು. ಮುಗಿದ ಮೇಲೆ, "ಇನ್ನೊಂದ್ಸಲ ಏಳು," ಎಂದಳು. ಎರಡನೆಯ ಸಲ ಕೇಳುವಾಗ ನಗಲು ಶುರುಮಾಡಿ, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಬೇಡ ಎಂದಿದ್ದ ತಾಯಿ ಹೀಗೆ ನಗುತ್ತಾಳೆಂದು ಮಣಿಕಂಠ ನೆನೆಸಿರಲಿಲ್ಲ.

"ಎಲ್ರೂ ನಿಮ್ಮಪ್ಪ ಉಜ್ಜುದ್ದ ಏಳ್ತಾರ," ಎಂದಳು ನಗು ನಿಂತ ಮೇಲೆ. "ಆ ಸಗಣಿ ನೀರ ಒತ್ತು ಒತ್ತು ಇಳ್ಸಿದ್ದು ನಾನು. ಬೆಳುಗ್ಗಿಂದ ಬೈಗಂಟ. ಒಬ್ರಾರ ಅದ ಏಳದ ಕೇಳಿದ್ದಿಯಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಅವನಿಗೂ ಅದು ನೆನಪಿರಲಿಲ್ಲ.

"ಕೈ ತೊಳ್ಕ, ಉಣ್ಣು," ಎಂದು ಎದ್ದಳು.

ಮಾರನೆಯ ಬೆಳಿಗ್ಗೆ ಮೇಲಿನ ರಸ್ತೆಯಲ್ಲಿ ಹಾರನ್ ಆಯಿತು, ಆದರೆ ಸಣ್ಣಮ್ಮನನ್ನು ಕರೆಯಲಿಲ್ಲ. ವೆಂಕಟಮ್ಮನನ್ನೂ ಕರೆಯಲಿಲ್ಲ, ನಕ್ಕದ್ದನ್ನು ಯಾರೋ ಹೇಳಿರಬೇಕು. ಅಂಡಮಾನ್ ಪ್ರವಾಸದ ಮಾತೂ ಅಲ್ಲಿಗೇ ನಿಂತಿತು. ಚಾಮರಾಜನಗರದ ಗೆಳೆಯರು ತಾವೇ ಗೋವಾಕ್ಕೆ ಹೋಗುತ್ತಾರಂತೆ ಎಂದು ಆಮೇಲೆ ಕೇಳಿಬಂತು. ಸಣ್ಣಮ್ಮ ಇದಕ್ಕೆಲ್ಲ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಬುತ್ತಿ ಕಟ್ಟಿ, ಗೆಟ್ಟವಾಡಿಯ ಕಡೆ ಕೋಸು ಕೊಯ್ಯಲು ಹೆಂಗಸರನ್ನು ತುಂಬಿಕೊಂಡು ಹೋಗುವ ಗೂಡ್ಸ್ ಆಟೋ ಹತ್ತಿದಳು. ಮಣಿಕಂಠ ಅವಳ ಕೈಗೆ ಬುತ್ತಿ ಎತ್ತಿಕೊಟ್ಟ.

"ಇಷ್ಟ್ ದೂರ ಓಗ್ಬೇಕಾಯ್ತಲ್ಲವ್ವ ನನ್ನಿಂದ."

"ಓದ್ರೇನು? ಅಲ್ಲೂ ಒಲ್ದ ಕೆಲ್ಸನೇ ಕಣ. ನೀ ಒಳಕ್ಕ ಓಗು, ಇವ್ರ್ಯಾರ್ಗೂ ಬಾವಿ ಕತ ಪೂರ್ತಿ ಗೊತ್ತಿಲ್ಲ, ಏಳ್ಬೇಕು."

ಗೂಡ್ಸ್ ಆಟೋ ಹೊರಟಿತು. ಸಣ್ಣಮ್ಮ ಹೆಂಗಸರ ಮಧ್ಯೆ ಕುಕ್ಕರುಗಾಲಲ್ಲಿ ಕೂತು, ಮುಷ್ಟಿಯನ್ನು ಬಾಯಿಗೆ ಇಟ್ಟುಕೊಂಡು ಕೆನ್ನೆ ಉಬ್ಬಿಸಿ ತೋರಿಸಿದಳು. ಆಮೇಲೆ ಅದೇ ಮುಷ್ಟಿಯನ್ನು ಪಕ್ಕದವಳ ಬಾಯಿಗೆ ಹಿಡಿದಳು. ತಿರುವಿನ ಆಚೆಯಿಂದಲೂ ಅವರ ನಗು ಕೇಳುತ್ತಿತ್ತು.